ಸೊನ್ನೆ ಮಗ್ಗ

ನವೆಂಬರ್ 6, ಸೋಮವಾರ

ಕ್ಲಬ್ಬಿನ ಮಕ್ಕಳ ಶನಿವಾರದ ಐಸ್ ಹಾಕಿ ಮ್ಯಾಚು, ವಿಡಿಯೋ ನೋಡಿ ಕಂಪ್ಯೂಟರಿಗೆ ತುಂಬಿ ಮುಗಿಸಿದೆ. ನಾನೂರ ಹನ್ನೆರಡು ಗುರುತು. ಪಕ್, ಅಂದರೆ ಆ ರಬ್ಬರ್ ಬಿಲ್ಲೆ, ಯಾರ ಕೋಲಿಗೆ ತಾಗಿತು, ಯಾರಿಂದ ಬಂತು, ಅಂಗಳದ ಯಾವ ಜಾಗ, ಆಮೇಲೆ ಏನಾಯಿತು — ಒಂದೊಂದಕ್ಕೂ ನಾಲ್ಕು ಖಾನೆ. ಬೆಳಿಗ್ಗೆ ಎಂಟಕ್ಕೆ ಕೂತವಳು ಏಳುವಾಗ ಸೂಪು ತಳ ಹಿಡಿದಿತ್ತು. ಹುಳಿ ಎಲೆಕೋಸಿನದು. ಸ್ವಲ್ಪ ಸೀದರೇ ಅದಕ್ಕೆ ರುಚಿ, ಬಿಡಿ.

ಎಪ್ಪತ್ಮೂರಕ್ಕೆ ಕಂಪ್ಯೂಟರ್ ಹೇಗೆ ಕಲಿತಿರಿ ಅಂತ ಎಲ್ಲರೂ ಕೇಳುತ್ತಾರೆ. ಕಲಿಯುವುದೇನು. ಮೂವತ್ತೊಂದು ವರ್ಷ ಲಿನನ್ ಮಿಲ್ಲಿನಲ್ಲಿ ಬಟ್ಟೆ ಪರೀಕ್ಷೆಯ ಮೇಜಿನ ಮುಂದೆ ನಿಂತವಳು. ದೀಪದ ಮೇಲೆ ಬಟ್ಟೆ ಹರಿಯುತ್ತಿತ್ತು, ದೋಷ ಕಂಡಲ್ಲಿ ಸೀಮೆಸುಣ್ಣ. ಈಗ ಮಕ್ಕಳು ಹರಿಯುತ್ತಾರೆ. ಅಷ್ಟೇ ವ್ಯತ್ಯಾಸ.

ಸೆಪ್ಟೆಂಬರಿನಿಂದ ಆಗುತ್ತಿರುವ ಹಾಗೆ ಈ ಸಲವೂ ಮೂರು ಕಡೆ ತೊಡಕು. ಪಕ್ ನಮ್ಮ ಹುಡುಗಿ ವಿಲ್ಮಾಗೆ ಬಂದಿದೆ, ಕೊಟ್ಟವರು ಕಾಣುವುದಿಲ್ಲ. ಹಿಂದಕ್ಕೆ ಓಡಿಸಿದೆ, ನಿಧಾನ ಮಾಡಿದೆ. ಯಾರೂ ಇಲ್ಲ. ‘ಯಾರಿಂದ’ ಎಂಬ ಖಾನೆ ಖಾಲಿ ಬಿಟ್ಟರೆ ಪ್ರೋಗ್ರಾಮ್ ಮುಂದೆ ಹೋಗದು. ಸೊನ್ನೆ ಹಾಕಿದೆ. ಮಿಲ್ಲಿನ ವಾಡಿಕೆ — ಯಾವ ಮಗ್ಗದ ದೋಷವೆಂದು ತಿಳಿಯದಿದ್ದರೆ ಸೊನ್ನೆ ಮಗ್ಗಕ್ಕೆ ಬರೆಯುವುದು. ಅಂಥ ಮಗ್ಗವೇ ಇರಲಿಲ್ಲ. ಯಾವ ಹೆಂಗಸಿಗೂ ವಿನಾಕಾರಣ ಬೈಗುಳ ಬೀಳಬಾರದೆಂದು ನಾವೇ ಹುಟ್ಟಿಸಿಕೊಂಡದ್ದು.

ಗುರುವಾರ ಸತ್ತವರ ದಿನ. ಗೋರಿಗಳ ಮೇಲೆ ದೀಪ ಇಟ್ಟು ಬಂದೆ. ಅಪ್ಪನಿಗೊಂದು, ಅಮ್ಮನಿಗೊಂದು, ಮಾರ್ಗಿತಾ ಅಕ್ಕನಿಗೊಂದು. ಇನ್ನೊಂದು ಗಾಳಿಗೆ ನಿಲ್ಲಲಿಲ್ಲ.

ಅಕ್ಕ ಹೋಗಿ ಎರಡು ವರ್ಷ. ವಾರಕ್ಕೊಂದು ಕಾಗದ ಬರೆದು ಅಭ್ಯಾಸವಾದ ಕೈ ಸುಮ್ಮನಿರದು. ಈ ನೋಟ್‌ಬುಕ್ ಸಾಕು. ಅಂಚೆಚೀಟಿ ಬೇಡ, ಉತ್ತರ ಕಾಯುವುದೂ ಬೇಡ.

ನವೆಂಬರ್ 9, ಗುರುವಾರ

ಕೋಚ್ ರಾದೊವಾನ್ ಬಂದಿದ್ದ. ಗಸಗಸೆ ರೋಲು ಎರಡು ತಿಂದ, ಆಮೇಲೆ ವಿಷಯಕ್ಕೆ ಬಂದ.

“ಯೋಲಾನಾ ಅಮ್ಮಾವ್ರೇ, ನಿಮ್ಮ ವಿಲ್ಮಾ ಒಳ್ಳೆ ಹುಡುಗಿ. ಆದ್ರೆ ಚಿಕ್ಕೋಳು.”

“ಹನ್ನೆರಡಕ್ಕೆ ನೀನೂ ಚಿಕ್ಕೋನೇ ಇದ್ದೆ. ಮೂಗಿನಲ್ಲಿ ಸಿಂಬಳ ಬೇರೆ.”

“ಆಗ ಗ್ರಾಫ್ ಇರ್ಲಿಲ್ಲ, ಬಚಾವಾದೆ.” ನಕ್ಕ. ಆಮೇಲೆ ನಗಲಿಲ್ಲ. ಮಾರ್ಚ್ ಮೊದಲ ವಾರ ಪ್ರಾಂತ್ಯದ ಹಾಕಿ ಶಾಲೆಯವರು ಪಟ್ಟಿ ಮಾಡುತ್ತಾರೆ. ಅವರು ಮ್ಯಾಚು ನೋಡುವುದಕ್ಕಿಂತ ಗೆರೆ ನೋಡುವುದೇ ಹೆಚ್ಚು. ಪ್ರತಿ ಮಗುವಿಗೂ ಒಂದು ಬೆಳವಣಿಗೆ ಗೆರೆ — ಎತ್ತರ, ವೇಗ, ಪಾಸು, ಎಷ್ಟು ಬೇಗ ತೀರ್ಮಾನಿಸುತ್ತದೆ. ಗೆರೆ ಮೇಲೇರುತ್ತಿರಬೇಕು. ಎಲ್ಲಿದೆ ಎನ್ನುವುದು ಮುಖ್ಯವಲ್ಲ, ಏರುತ್ತಿದೆಯೇ ಎನ್ನುವುದು ಮುಖ್ಯ.

ವಿಲ್ಮಾ ಅಕ್ಕನ ಮೊಮ್ಮಗಳು. ಅವಳ ತಾಯಿ ಎರಡು ವಾರ ಆಸ್ಟ್ರಿಯಾದಲ್ಲಿ ಯಾರದೋ ಅಜ್ಜಿಯನ್ನು ನೋಡಿಕೊಳ್ಳುತ್ತಾಳೆ, ಎರಡು ವಾರ ಇಲ್ಲಿ. ಅವಳಿಲ್ಲದ ವಾರಗಳಲ್ಲಿ ಹುಡುಗಿ ನನ್ನಲ್ಲಿ. ಆ ಶಾಲೆಯ ಚಿತ್ರ ಹಾಸಿಗೆಯ ಪಕ್ಕ ಅಂಟಿಸಿಕೊಂಡಿದ್ದಾಳೆ. ಅದು ಅವಳ ದೇವರಪಟ.

ನವೆಂಬರ್ 20, ಸೋಮವಾರ

ಇವತ್ತು ಒಂದು ದೋಷ ಕಂಡೆ.

ಮಕ್ಕಳ ಎದೆಗೆ ಕಟ್ಟುವ ಪಟ್ಟಿಯಲ್ಲಿ ಒಂದು ಗುಂಡಿ ಇದೆ. ಯಾರು ಎಲ್ಲೆಲ್ಲಿ ಓಡಾಡಿದರು ಎಂದು ಅದು ಬರೆದುಕೊಳ್ಳುತ್ತದೆ. ಎರಡೂವರೆ ತಿಂಗಳ ಓಡಾಟವನ್ನೆಲ್ಲ ಒಂದರ ಮೇಲೊಂದು ಹಾಸಿದೆ. ಅಂಗಳ ಪೂರ್ತಿ ಕೆಂಪು, ಕಿತ್ತಳೆ. ಎಡ ಮೂಲೆಯಲ್ಲಿ, ಗೋಡೆಯಿಂದ ನಾಲ್ಕು ಮಾರು ಈಚೆ, ಒಂದು ಬಿಳಿ ಜಾಗ. ಊಟದ ಮೇಜಿನಷ್ಟು. ಹದಿನೆಂಟು ಮಕ್ಕಳಲ್ಲಿ ಒಬ್ಬರೂ ಅದರ ಮೇಲೆ ಹೋಗಿಲ್ಲ. ವಿಡಿಯೋದಲ್ಲಿ ನೋಡಿದರೆ ಎದುರು ತಂಡದವರೂ ಹೋಗಿಲ್ಲ. ಪಕ್ ಬೆನ್ನಟ್ಟಿ ಬರುವವರು ಕೂಡ ಅಲ್ಲಿಗೆ ಬಂದೊಡನೆ ಕಲ್ಲು ಸುತ್ತಿ ಹರಿಯುವ ನೀರಿನ ಹಾಗೆ ಬಳಸಿ ಹೋಗುತ್ತಾರೆ. ತಮಗೇ ಗೊತ್ತಿಲ್ಲದೆ.

ಅದರ ಅಂಚಿಗೆ ಹೋಗಿ ನಿಲ್ಲುವವಳು ವಿಲ್ಮಾ ಒಬ್ಬಳೇ. ಸೊನ್ನೆಯ ಪಾಸುಗಳೆಲ್ಲ ಬರುವುದು ಅಲ್ಲಿಂದ.

ಗೆಯ್ಜಾನನ್ನು ಕೇಳಿದೆ. ಅಂಗಳಕ್ಕೆ ನೀರು ಹಾಯಿಸಿ ಐಸ್ ಮಾಡುವವನು. ಚಿಕ್ಕಂದಿನಿಂದ ಒಟ್ಟಿಗೆ ಬೆಳೆದವರು ನಾವು.

“ಆ ಮೂಲೇಲಿ ಏನಾದ್ರೂ ಕೆಟ್ಟಿದೆಯಾ?”

“ಐಸ್ ಸ್ವಲ್ಪ ಬೆವರುತ್ತೆ ಅಲ್ಲಿ.”

“ಕೆಳಗೆ ಕೊಳವೆ ಒಡೆದಿದೆಯೇನೋ.”

“ಕೊಳವೆ ಸರಿಯಾಗೇ ಇದೆ, ಯೋಲಿ. ಮೂರು ಸಲ ನೋಡಿಸಿದೀನಿ.” ಆಮೇಲೆ ಮೊಣಕಾಲು ನೋವಿನ ಕಥೆ ತೆಗೆದ. ಅವನ ಮೊಣಕಾಲು ಬೇಕಾದಾಗ ಮಾತ್ರ ನೋಯುತ್ತದೆ.

ಡಿಸೆಂಬರ್ 2, ಶನಿವಾರ

ರಾದೊವಾನ್ ಫೋನಿನಲ್ಲಿ ನಗುತ್ತಿದ್ದ. “ಅಮ್ಮಾವ್ರೇ, ಯಾರ್ರೀ ಇದು ಸೊನ್ನೆ ನಂಬರು? ನನ್ನ ಟೀಮಲ್ಲಿ ಎಲ್ಲರಿಗಿಂತ ಒಳ್ಳೆ ಆಟಗಾರ. ನಾಲ್ವತ್ಮೂರು ಪಾಸು, ಒಂದೂ ತಪ್ಪಿಲ್ಲ.”

ಕಂಪ್ಯೂಟರ್ ತೆರೆದೆ. ನಾನು ಹಾಕಿದ ಸೊನ್ನೆಗಳನ್ನೆಲ್ಲ ಪ್ರೋಗ್ರಾಮ್ ಒಟ್ಟು ಸೇರಿಸಿದೆ. ಒಬ್ಬ ಆಟಗಾರನನ್ನು ಮಾಡಿದೆ. ಹೆಸರಿನ ಜಾಗ ಖಾಲಿ. ಅಂದಾಜು ವಯಸ್ಸು ಹನ್ನೊಂದು. ಎಡಗೈ.

ಅದಕ್ಕೊಂದು ಗೆರೆಯೂ ಇದೆ. ಮಕ್ಕಳದ್ದೆಲ್ಲ ಹಾವಿನ ಹಾಗೆ ಏಳುತ್ತ ಬೀಳುತ್ತ ಮೇಲಕ್ಕೆ ಹೋಗುತ್ತವೆ. ಇದು ನೇರ. ಸೆಪ್ಟೆಂಬರಿನಲ್ಲಿ ಎಲ್ಲಿತ್ತೋ ಈಗಲೂ ಅಲ್ಲೇ. ಅಳತೆಪಟ್ಟಿ ಇಟ್ಟು ಎಳೆದ ಹಾಗೆ.

“ಅಳಿಸಿಬಿಡಿ,” ಎಂದ. ಮತ್ತೆ ತಾನೇ, “ಅಳಿಸಿದ್ರೆ ವಿಲ್ಮಾ ಹಿಡಿದ ಪಾಸೂ ಹೋಗುತ್ತೆ, ಅಲ್ವಾ?”

“ಹೋಗುತ್ತೆ.”

“ಮತ್ತೆ… ಮಾರ್ಚ್ ತನಕ ಇರ್ಲಿ ಬಿಡಿ.”

ನಾನೂ ಇರಲಿ ಎಂದೆ. ಸುಳ್ಳು ಬರೆದಿಲ್ಲವಲ್ಲ. ಪಕ್ ಬಂದದ್ದು ನಿಜ.

ಎಡಗೈ. ಅದನ್ನು ನಾನು ಎಲ್ಲೂ ತುಂಬಿರಲಿಲ್ಲ.

ಡಿಸೆಂಬರ್ 6, ಬುಧವಾರ

ಮಿಕುಲಾಶ್ ಹಬ್ಬ, ಸಂತನೇ ರಾತ್ರಿ ಬಂದು ಮಕ್ಕಳ ಬೂಟಿನಲ್ಲಿ ಉಡುಗೊರೆ ಇಟ್ಟು ಹೋಗುವ ದಿನ. ವಿಲ್ಮಾಳ ಬೂಟಿನಲ್ಲಿ ಕಿತ್ತಳೆ, ವಾಲ್ನಟ್, ಚಾಕೊಲೇಟ್ ಇಟ್ಟೆ. ನಂಬುವ ವಯಸ್ಸು ದಾಟಿದ್ದಾಳೆ, ತಿನ್ನುವ ವಯಸ್ಸು ದಾಟಿಲ್ಲ.

ಕ್ಲಬ್ಬಿನಲ್ಲಿ ತಿಂಗಳ ಅಳತೆ. ವಿಲ್ಮಾಳ ಎತ್ತರ ನೂರ ನಲವತ್ತೊಂದೂವರೆ ಸೆಂಟಿಮೀಟರ್. ನವೆಂಬರಿನಲ್ಲೂ ಅಷ್ಟೇ. ಅಕ್ಟೋಬರಿನಲ್ಲೂ.

ಚಹಾ ಕುಡಿಯುವಾಗ ಕೇಳಿದೆ. “ಆ ಮೂಲೇಲಿ ನಿಂಗೆ ಪಾಸ್ ಕೊಡೋದು ಯಾರು?”

“ಅಲ್ಲಿ ನಿಂತ್ರೆ ಬರುತ್ತೆ, ಅಜ್ಜಿ.”

“ಯಾರಿಂದ ಅಂತ ಕೇಳಿದ್ದು.”

ಕಿತ್ತಳೆಯ ಸಿಪ್ಪೆ ಒಂದೇ ಸುರುಳಿಯಾಗಿ ಬರುವಂತೆ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. “ಮೊದ್ಲು ಅವನೇ ಕೇಳ್ತಾನೆ. ಕೋಲು ಕುಟ್ತಾನಲ್ಲ, ನಂಗೆ ಕೊಡು ಅಂತ. ನಾನು ಕೊಡ್ತೀನಿ. ವಾಪಸ್ ಕೊಡ್ತಾನೆ.”

“ಎಲ್ಲರೂ ಕುಟ್ತಾರೆ.”

“ಇವನು ಬೇರೆ ಥರ.” ಬೆರಳಿನಿಂದ ಮೇಜಿನ ಮೇಲೆ ತೋರಿಸಿದಳು. ಟಕ್ ಟಕ್. ಒಂದು ಉಸಿರಿನಷ್ಟು ಬಿಡುವು. ಟಕ್.

ಎದ್ದು ಹೋಗಿ ನಲ್ಲಿ ಬಿಟ್ಟೆ. ಪಾತ್ರೆ ತೊಳೆದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಡಿಸೆಂಬರ್ 24, ಭಾನುವಾರ

ಕ್ರಿಸ್‌ಮಸ್ ಊಟಕ್ಕೆ ಮೇಜು ಹಾಕಿ ಆಯಿತು. ಮೀನು, ಆಲೂಗಡ್ಡೆ, ಎಲೆಕೋಸಿನ ಸೂಪು. ವಿಲ್ಮಾ, ಅವಳ ತಾಯಿ, ನಾನು. ಮೂವರಿಗೆ ನಾಲ್ಕು ತಟ್ಟೆ — ಪ್ರತಿ ವರ್ಷದಂತೆ ಒಂದು ಹೆಚ್ಚು, ಬರಲಾಗದವರಿಗೆ.

ಆ ತಟ್ಟೆಯ ಮುಂದಿನ ಕುರ್ಚಿ ತೆಗೆದು ವಿಲ್ಮಾ ಮೋಟು ಸ್ಟೂಲು ಇಟ್ಟಳು.

“ಅದ್ಯಾಕೆ?” ಅವಳ ತಾಯಿ ಕೇಳಿದಳು.

“ಕುರ್ಚಿ ಎತ್ತರ ಆಗುತ್ತೆ ಅವನಿಗೆ. ಅಲ್ವಾ ಅಜ್ಜಿ? ನನಗಿಂತ ಒಂದು ಬೆರಳು ಗಿಡ್ಡ.”

ಒಂದು ಬೆರಳು. ಹೌದು. ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲ್ ಗೀಟು ಇನ್ನೂ ಇದೆ, ಬಣ್ಣದ ಕೆಳಗೆ, ನನಗೆ ಮಾತ್ರ ಗೊತ್ತಿರುವ ಹಾಗೆ. ಅವನನ್ನು ಕೊನೆಯ ಸಲ ನಿಲ್ಲಿಸಿ ಗೀಟು ಹಾಕಿದವಳು ಅಕ್ಕ. ಅವತ್ತು ನಾನು

ಜನವರಿ 14, ಭಾನುವಾರ

ಮೂರು ವಾರ ಇದನ್ನು ಮುಟ್ಟಲಿಲ್ಲ. ಇವತ್ತಿಗೆ ಅರವತ್ತು ವರ್ಷ. ಬರೆಯುತ್ತೇನೆ. ಅಕ್ಕಾ, ನಿನಗೂ ನಾನು ಇದನ್ನು ಪೂರ್ತಿ ಹೇಳಿರಲಿಲ್ಲ.

ಈಗಿನ ಹಾಕಿ ಅಂಗಳ ಇರುವಲ್ಲಿ ಮಿಲ್ಲಿನ ಕೆರೆ ಇತ್ತು. ಚಳಿಗಾಲದಲ್ಲಿ ನಮ್ಮ ಬೀದಿಯ ಮಕ್ಕಳೆಲ್ಲ ಅದರ ಮೇಲೆ ಆಡುತ್ತಿದ್ದೆವು. ನಮ್ಮದೊಂದು ನಿಯಮ. ಮೊದಲು ಗೋಲ್‌ಕೀಪರ್ ಮಂಜುಗಡ್ಡೆಯ ಮೇಲೆ ಹೋಗಬೇಕು. ಆಟ ಪೂರ್ತಿ ಒಂದೇ ಕಡೆ ನಿಲ್ಲುವವರು ಅವರೇ, ಅವರಿಗೇ ಹೆಚ್ಚು ಭಯ ಇರಬೇಕು ಅಂತ. ಕೊಡಲಿಯ ಹಿಂಬದಿಯಿಂದ ಮೂರು ಕಡೆ ಬಡಿಯುವುದು, ಬಗ್ಗಿ ಕಿವಿ ಇಟ್ಟು ಕೇಳುವುದು. ಗಟ್ಟಿ ಇದ್ದರೆ ಗಂಟೆಯ ಹಾಗೆ ಗುಂಯ್ ಎನ್ನುತ್ತದೆ. ಪೊಳ್ಳಿದ್ದರೆ ಒಡಕು ಮಡಕೆಯ ದನಿ. ಕೇಳಿದ ಮೇಲೆ ಕೂಗಬೇಕು — “ಹಿಡಿಯುತ್ತೆ.” ಆ ಮಾತು ಬರುವ ತನಕ ಯಾರೂ ಕಾಲಿಡುವಂತಿಲ್ಲ.

ಗೋಲ್‌ಕೀಪರ್ ನಾನು. ಹದಿಮೂರು ವರ್ಷ. ಕೈಗವಸು ಒದ್ದೆ, ಬೆರಳು ಸತ್ತಿದ್ದವು. ದಡದ ಹತ್ತಿರ ಎರಡು ಸಲ ಬಡಿದೆ. ತೂಬಿನ ಕಡೆ ಹೋಗಲೇ ಇಲ್ಲ. ಬಗ್ಗಲೂ ಇಲ್ಲ. ಹಿಡಿಯುತ್ತೆ ಎಂದು ಕೂಗಿದೆ.

ನಮ್ಮ ತಮ್ಮ ತೂಬಿನ ಕಡೆ ನಿಂತು ಕೋಲು ಕುಟ್ಟಿದ. ಟಕ್ ಟಕ್… ಟಕ್. ಅವನದೇ ರೀತಿ. ಪಕ್ ಉದ್ದಕ್ಕೆ ಹೊಡೆದೆ. ಜೋರಾಯಿತು, ಅವನನ್ನು ದಾಟಿ ಹೋಯಿತು. ತರಲು ಹೋದ.

ಹೆಚ್ಚು ಸದ್ದಾಗಲಿಲ್ಲ. ಅದೇ ಈಗಲೂ… ಹೆಚ್ಚು ಸದ್ದೇ ಆಗಲಿಲ್ಲ.

ಮರುದಿನ ಸಿಕ್ಕಿದ. ಮಂಜುಗಡ್ಡೆ ನೋಡಿದ್ದು ಯಾರು ಎಂದು ಅಪ್ಪ ಕೇಳಲಿಲ್ಲ. ಮಕ್ಕಳೂ ಹೇಳಲಿಲ್ಲ. ಗೆಯ್ಜಾ ನನ್ನ ಪಕ್ಕದಲ್ಲೇ ಇದ್ದ. ಇವತ್ತಿನ ತನಕ ಅದರ ಬಗ್ಗೆ ಒಂದು ಮಾತು ಆಡಿಲ್ಲ.

ಅವತ್ತಿನಿಂದ ಅವನ ಹೆಸರನ್ನು ನಾನು ಬಾಯಿಂದಲೂ ಆಡಿಲ್ಲ, ಕೈಯಿಂದಲೂ ಬರೆದಿಲ್ಲ. ಅದನ್ನು ಸುತ್ತಿ ಬಳಸಿಯೇ ಓಡಾಡಿದ್ದೇನೆ.

ಜನವರಿ 29, ಸೋಮವಾರ

ನೂರ ನಲವತ್ತೊಂದೂವರೆ. ನಾಲ್ಕನೆಯ ತಿಂಗಳು. ಡಾಕ್ಟರು ರಕ್ತ ನೋಡಿದರು, ಎಲ್ಲ ಸರಿ ಎಂದರು. ಹುಡುಗಿಯರ ಬೆಳವಣಿಗೆ ಒಮ್ಮೊಮ್ಮೆ ನಿಲ್ಲುತ್ತದಂತೆ.

ಅವರು ಗ್ರಾಫ್ ನೋಡಿಲ್ಲ. ನಾನು ನೋಡಿದೆ. ಅಕ್ಟೋಬರಿನಲ್ಲಿ ವಿಲ್ಮಾಳ ಗೆರೆ ಏರುತ್ತಿತ್ತು. ನವೆಂಬರಿನಲ್ಲಿ ಬಾಗಿತು. ಈಗ ಮಲಗಿದೆ. ಸೊನ್ನೆಯ ಗೆರೆಯ ಮೇಲೆ ಸರಿಯಾಗಿ ಕೂತಿದೆ, ಒಂದು ನೂಲಿನ ಮೇಲೆ ಇನ್ನೊಂದು ನೂಲು. ಎರಡು ಬಣ್ಣ ಬೆರೆತು ಯಾವುದು ಯಾರದೆಂದು ತಿಳಿಯುವುದಿಲ್ಲ.

ಅವಳ ಓಡಾಟದ ನಕ್ಷೆಯೂ ಹಾಗೆಯೇ. ಮೊದಲು ಅಂಗಳ ತುಂಬ ಇದ್ದಳು. ಈಗ ಆ ಮೇಜಿನಷ್ಟು ಜಾಗವನ್ನೇ ಸುತ್ತುತ್ತಾಳೆ.

ರಾದೊವಾನ್ ನಗುವುದು ಬಿಟ್ಟಿದ್ದಾನೆ. “ಪಾಸ್ ಹಿಡಿಯೋದ್ರಲ್ಲಿ ಪ್ರಾಂತ್ಯಕ್ಕೇ ಮೊದಲು. ಮಿಕ್ಕಿದ್ದೆಲ್ಲ ನಿಂತೇಹೋಗಿದೆ. ಹುಡುಗಿಗೆ ಏನಾಗಿದೆ, ಅಮ್ಮಾವ್ರೇ?”

ಮನೆಗೆ ಬಂದಾಗ ಹಾಸಿಗೆಯ ಪಕ್ಕದ ಗೋಡೆ ಬೋಳು. ಶಾಲೆಯ ಚಿತ್ರ ಕಿತ್ತು ಹಾಕಿದ್ದಾಳೆ.

“ಬೇಡ ಅಂತ ಅನ್ನಿಸ್ತು.”

“ಎರಡು ವರ್ಷದಿಂದ ಅದೇ ಜಪ ಮಾಡ್ತಿದ್ದೆ.”

“ನಾನು ಹೋಗಿಬಿಟ್ರೆ ಅವನ ಜೊತೆ ಯಾರು ಆಡ್ತಾರೆ, ಅಜ್ಜಿ? ಬೇರೆ ಯಾರಿಗೂ ಅವನು ಕೇಳಿಸೋದೇ ಇಲ್ಲ.”

ದನಿಯಲ್ಲಿ ಭಯವಿರಲಿಲ್ಲ. ಅದಕ್ಕೇ ನನಗೆ ಭಯವಾಯಿತು.

ಫೆಬ್ರವರಿ 5, ಸೋಮವಾರ

ಶುಕ್ರವಾರ ಸೊನ್ನೆಯನ್ನು ಅಳಿಸಿದೆ. ನೂರ ಏಳು ಪಾಸು, ಒಂದೊಂದನ್ನೇ. ಮಾರ್ಚಿನ ಪಟ್ಟಿ ಹಾಳಾಗಿ ಹೋಗಲಿ. ಇವತ್ತು ಬೆಳಿಗ್ಗೆ ತೆರೆದರೆ ನೂರ ಏಳೂ ಇವೆ. ಕೆಳಗೆ ಕೆಂಪಕ್ಷರ — ಆಟಗಾರ 0: ಮಾಹಿತಿ ಅಪೂರ್ಣ. ಹೆಸರು ಮತ್ತು ಹುಟ್ಟಿದ ದಿನ ತುಂಬಿ.

ನೇರ ಗೆಯ್ಜಾನ ಹತ್ತಿರ ಹೋದೆ. ಐಸ್ ಯಂತ್ರದ ಬ್ಲೇಡ್ ಒರೆಸುತ್ತಿದ್ದ.

“ಆ ಮೂಲೆ ತೂಬಿನ ಜಾಗ ತಾನೆ?” ಎಂದೆ.

ಒರೆಸುವುದು ನಿಲ್ಲಲಿಲ್ಲ. “ಕೇಳೋಕೆ ಇಷ್ಟು ವರ್ಷ ಬೇಕಾಯ್ತಾ ನಿಂಗೆ?”

“ನೀನೂ ಹೇಳಲಿಲ್ಲ.”

“ಹೇಳಿ ಏನ್ಮಾಡ್ಲಿ? ಮೂವತ್ತು ವರ್ಷದಿಂದ ಅಲ್ಲಿಗೆ ಎರಡು ಸಲ ನೀರು ಹಾಕ್ತಿದೀನಿ. ಎಲ್ಲ ಕಡೆ ನಾಲ್ಕು ಬೆರಳು ದಪ್ಪ ಇದ್ರೆ ಅಲ್ಲಿ ಆರು. ಕೆಳಗೆ ಕಾಂಕ್ರೀಟು, ಯಾರೂ ಬೀಳಲ್ಲ, ಗೊತ್ತು. ಆದ್ರೂ ಹಾಕ್ತೀನಿ. ಬೆಳಿಗ್ಗೆ ಬಂದ್ರೆ ಬೆವರಿರುತ್ತೆ.” ಬಟ್ಟೆ ಕೆಳಗಿಟ್ಟ. “ಅವನ ಹೆಸರು ಹೇಳು, ಯೋಲಿ. ಒಂದು ಸಲ. ನಾನು ನಿನ್ನ ಬಾಯಿಂದ ಕೇಳೇ ಇಲ್ಲ.”

ಆಗಲಿಲ್ಲ. ಮನೆಗೆ ಬಂದೆ.

ಫೆಬ್ರವರಿ 9, ಶುಕ್ರವಾರ, ಬೆಳಿಗ್ಗೆ

ಅವನು ಹುಟ್ಟಿದ ದಿನ.

ಒಲೆಯ ಮೇಲೆ ಲಿಂಡೆನ್ ಹೂವಿನ ಚಹಾ. ಕಂಪ್ಯೂಟರ್ ಮೇಜಿನ ಮೇಲೆ. ವಿಲ್ಮಾ ಶಾಲೆಗೆ ಹೋದಳು.

ಹೆಸರು. ಅಕ್ಷರ ಹುಡುಕಲು ಬಹಳ ಹೊತ್ತು ಹಿಡಿಯಿತು, ಈ ಕೀಲಿಮಣೆ ಹೊಸದೇನೋ ಎಂಬಂತೆ.

ಇಮ್ರಿಖ್.

ಬರೆದೆ. ಇಮ್ರಿಖ್. ನಮ್ಮ ಇಮ್ರೊ. ಎಡಗೈಯವನು, ಕ್ಯಾರೆಟ್ ತಿನ್ನದವನು, ನಿದ್ದೆಯಲ್ಲಿ ಶಿಳ್ಳೆ ಹೊಡೆಯುವವನು.

ಹುಟ್ಟಿದ ದಿನ. ಒಂಬತ್ತು, ಎರಡು, ಸಾವಿರದ ಒಂಬೈನೂರ ಐವತ್ತೆರಡು.

ಸ್ವಲ್ಪ ಹೊತ್ತು ಚಕ್ರ ತಿರುಗಿತು. ಆಮೇಲೆ ಒಂದು ಸಾಲು — ಈ ಆಟಗಾರನಿಗೆ ಹದಿಮೂರರ ಒಳಗಿನವರ ಗುಂಪಿನ ವಯಸ್ಸು ಮೀರಿದೆ. ಮುಂದಿನ ಗುಂಪಿಗೆ ಕಳುಹಿಸಲೇ?

ಎಲ್ಲ ಮಕ್ಕಳಿಗೂ ಬರುವ ಸಾಲು ಅದು. ಪ್ರತಿ ಬೇಸಿಗೆಯಲ್ಲಿ ನಾನೇ ಹತ್ತಾರು ಸಲ ಒತ್ತಿದ್ದೇನೆ. ಹೌದು.

ಒತ್ತಿದೆ.

ಮತ್ತೆ ಕೇಳಿತು. ಮುಂದಿನ ಗುಂಪಿನ ವಯಸ್ಸೂ ಮೀರಿದೆ, ಅದರಾಚೆಗೆ? ಹೌದು. ಅದರಾಚೆಗೆ? ಹೌದು. ಹದಿನೈದು, ಹದಿನೇಳು, ಇಪ್ಪತ್ತು. ಒಂದೊಂದು ಸಲವೂ ಅವನು ಎತ್ತರವಾಗುತ್ತಿದ್ದ ಹಾಗೆ… ಮೀಸೆ ಬಂದಿರುತ್ತಿತ್ತು ಇಲ್ಲಿ. ಇಲ್ಲಿ ಸೇನೆಗೆ ಹೋಗಿರುತ್ತಿದ್ದ. ಇಲ್ಲಿ ಮದುವೆ.

ಕೊನೆಗೆ ಹಿರಿಯರ ಗುಂಪಿಗೆ ಬಂದು ಕೇಳುವುದು ನಿಂತಿತು. ಮಕ್ಕಳ ಪಟ್ಟಿಯಲ್ಲಿ ಹದಿನೆಂಟು ಹೆಸರು. ಸೊನ್ನೆ ಇಲ್ಲ.

ಚಹಾ ತಣ್ಣಗಾಗಿತ್ತು. ಹಾಗೆಯೇ ಕುಡಿದೆ.

ಮಾರ್ಚ್ 4, ಸೋಮವಾರ

ನೂರ ನಲವತ್ತೆರಡು ಮತ್ತು ಕಾಲು! ಎರಡು ಸಲ ಅಳೆಸಿದೆ. ರಾದೊವಾನ್ ಅಂದ, “ನೀವು ಕಣ್ಣಲ್ಲೇ ಎಳೀತಿದೀರಿ ಅವಳನ್ನ.”

ಶನಿವಾರದ ನಕ್ಷೆಯಲ್ಲಿ ಬಿಳಿ ಜಾಗ ಇಲ್ಲ. ಮಕ್ಕಳೆಲ್ಲ ಅದರ ಮೇಲೆ ದನಗಳ ಹಾಗೆ ನುಗ್ಗಿದ್ದಾರೆ. ವಿಲ್ಮಾ ಅಲ್ಲೇ ಬಿದ್ದಳು, ಈ ವರ್ಷದಲ್ಲಿ ಮೊದಲ ಸಲ. ಮೊಣಕೈ ಊದಿತು. ಮನೆಗೆ ಬಂದು ಅತ್ತಳು. ನೋವಿಗಲ್ಲ.

“ಅವನು ಕುಟ್ತಾ ಇಲ್ಲ, ಅಜ್ಜಿ. ಮೂರು ವಾರ ಆಯ್ತು.”

“ದೊಡ್ಡವನಾದ. ಬೇರೆ ಗುಂಪಿಗೆ ಹೋದ.”

ಕಣ್ಣು ಒರೆಸಿಕೊಂಡಳು. “ಹೇಳದೇನೇ ಹೋದ್ನಾ?”

“ಹಾಗೇ ಹೋಗ್ತಾರೆ, ಮಗಾ.”

ಸಂಜೆ ಹಾಕಿ ಶಾಲೆಯ ಪಟ್ಟಿ ಬಂತು. ಅವಳ ಹೆಸರಿಲ್ಲ. ಸೊನ್ನೆಯ ಪಾಸುಗಳು ಹೋದ ಮೇಲೆ ಅವಳ ಪಾಲಿಗೆ ಉಳಿದದ್ದು ಕಡಿಮೆ. ಗೆರೆ ಏಳಲು ಶುರುವಾಗಿದೆ, ಸೆಪ್ಟೆಂಬರಿನಲ್ಲಿ ಮತ್ತೆ ನೋಡುತ್ತಾರಂತೆ. ಬಾಗಿಲು ದಡಾರನೆ ಬಡಿದುಕೊಂಡು ಕೋಣೆಗೆ ಹೋದಳು. ಊಟಕ್ಕೆ ಬರಲಿಲ್ಲ. ಆಮೇಲೆ ಇಣುಕಿದೆ. ಮಲಗಿದ್ದಳು. ಕಿತ್ತು ಹಾಕಿದ್ದ ಚಿತ್ರ ಮತ್ತೆ ಗೋಡೆಯ ಮೇಲೆ, ನಾಲ್ಕು ಮೂಲೆಗೂ ಹೊಸ ಟೇಪು.

ಇಷ್ಟು ಸಿಟ್ಟು ಬಂದರೆ ಬೆಳೆಯುತ್ತಾಳೆ.

ಮಾರ್ಚ್ 14, ಗುರುವಾರ

ಗುರುವಾರ ಸಂಜೆ ಮುದುಕರ ಆಟ. ಹತ್ತು ಜನ, ಒಟ್ಟು ಹಲ್ಲು ನೂರೂ ಇರಲಾರವು. ಗೆಯ್ಜಾನೇ ನಾಯಕ. ತಮಾಷೆಗೆ ಹತ್ತೂ ಜನಕ್ಕೆ ಮಕ್ಕಳ ಎದೆಪಟ್ಟಿ ಕಟ್ಟಿಸಿದ್ದ. “ನಮ್ಮ ಬೆಳವಣಿಗೆ ಗೆರೆಯನ್ನೂ ನೋಡಿ ಹೇಳು, ಯೋಲಿ. ನನ್ನ ಹೊಟ್ಟೆಯಂತೂ ಏರ್ತಾ ಇದೆ.”

ಮನೆಗೆ ತಂದು ತೆರೆದೆ.

ಹತ್ತು ಪಟ್ಟಿ. ಹನ್ನೊಂದು ಓಡಾಟ.

ಹನ್ನೊಂದನೆಯದು ಎಡ ಮೂಲೆಯಿಂದ ಶುರುವಾಗುತ್ತದೆ. ಅಂಗಳ ಪೂರ್ತಿ ಸುತ್ತುತ್ತದೆ. ಸುಸ್ತಾಗಿ ಎರಡು ಸಲ ಬೆಂಚಿನ ಹತ್ತಿರ ನಿಲ್ಲುತ್ತದೆ. ಪಕ್ಕದಲ್ಲಿ ಹೆಸರು, ನಾನು ಬರೆದ ಹಾಗೆಯೇ. ವಯಸ್ಸು ಎಪ್ಪತ್ತೆರಡು. ಅವನ ಗೆರೆ ನೋಡಿದೆ. ನೇರ ಇಲ್ಲ ಈಗ. ಮುದುಕರ ಗೆರೆ, ಎಲ್ಲರದರ ಹಾಗೆ ಮೆಲ್ಲಗೆ ಇಳಿಯುತ್ತದೆ. ಎಷ್ಟೋ ಹೊತ್ತು ಅದನ್ನೇ ನೋಡುತ್ತ ಕೂತೆ. ಇಷ್ಟು ಚೆಂದದ ಗೆರೆ ನಾನು ಕಂಡಿಲ್ಲ.

ಒಂದು ವಿಷಯ. ಮುದುಕರು ಯಾರೂ ಅವನಿಗೆ ಒಂದು ಪಾಸೂ ಕೊಟ್ಟಿಲ್ಲ.

ಗೆಯ್ಜಾನಿಗೆ ಫೋನ್ ಮಾಡಿದೆ. ಹೇಳಿದೆ. ಹೆಸರು ಹಿಡಿದೇ ಹೇಳಿದೆ. ಅವನು ಆ ಕಡೆ ಮೂಗು ಒರೆಸಿಕೊಳ್ಳುವುದು ಕೇಳಿಸಿತು.

“ನಮಗೆ ಗೋಲ್‌ಕೀಪರ್ ಇಲ್ಲ,” ಎಂದ. “ಬಕೆಟ್ ಇಡ್ತಿದೀವಿ.”

“ನನಗೆ ಎಪ್ಪತ್ಮೂರು, ಗೆಯ್ಜಾ.”

“ಬಕೆಟ್‌ಗಿಂತ ವಾಸಿ.”

ಮಾರ್ಚ್ 21, ಗುರುವಾರ, ಸಂಜೆ ನಾಲ್ಕಕ್ಕೆ ಹತ್ತು ನಿಮಿಷ

ಅಂಗಳದ ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಬೂಟಿನ ಲೇಸು ವಿಲ್ಮಾ ಬಿಗಿದಳು. “ಅಜ್ಜಿ, ಬಿದ್ರೆ ಪಕ್ಕಕ್ಕೆ ಬೀಳು, ಹಿಂದಕ್ಕೆ ಬೇಡ,” ಎಂದು ನನಗೇ ಪಾಠ. ಮೊಣಕಾಲು ಎರಡಕ್ಕೂ ಮೆತ್ತೆ. ಸೊಂಟಕ್ಕೆ ದೇವರೇ ಗತಿ.

ಮುದುಕರು ಕಟ್ಟೆಯ ಈಚೆ ಸಾಲಾಗಿ ನಿಂತಿದ್ದಾರೆ. ‘ಹಿಡಿಯುತ್ತೆ’ ಎಂಬ ಕೂಗಿಗೆ ಕಾದು, ಯಾರೂ ಐಸ್ ಮೇಲೆ ಕಾಲಿಟ್ಟಿಲ್ಲ. ಯಾರೂ ಹೇಳಬೇಕಾಗಲಿಲ್ಲ, ಆ ಬೀದಿಯವರೇ ಎಲ್ಲ. ಗೆಯ್ಜಾ ಕೊಡಲಿ ತಂದಿದ್ದಾನೆ. ಕೊಡುವಾಗ ನಗಲಿಲ್ಲ.

ಮೂರು ಕಡೆ ಬಡಿಯಬೇಕು. ಮೊದಲು ತೂಬಿನ ಕಡೆ.

ಟಕ್ ಟಕ್… ಟಕ್.

ಎಡ ಮೂಲೆಯಿಂದ. ಗೆಯ್ಜಾನೂ ತಲೆ ಎತ್ತಿದ. ವಿಲ್ಮಾ ನನ್ನ ತೋಳು ಹಿಡಿದು, ಬಿಟ್ಟಳು.

ಬಂದೆ ಕಣೋ ಇಮ್ರೊ, ತಡಿ. ಪಾಸ್ ಆಮೇಲೆ. ಮೊದಲು ಬಡಿದು, ಬಗ್ಗಿ, ಕಿವಿ ಇಟ್ಟು, ಈ ಸಲ ಪೂರ್ತಿ ಕೇಳಿಸಿಕೊಂಡ ಮೇಲೆಯೇ ನಾನು